ಇತರೆ ವಿಷಯ

ಸಭೆ ಕರೆದದ್ದು ನಾನೇ. ಕೌಲ್‌ಬಜಾರಿನಲ್ಲಿ,
ಸೈಕಲ್ ಅಂಗಡಿಯ ಮಾಳಿಗೆ ಮೇಲೆ,
ಜಿಲ್ಲಾ ಫುಟ್‌ಬಾಲ್ ಸಂಘ ಎಂದು ಬೋರ್ಡಿರುವಲ್ಲಿ.
‘ಫು’ ಹೋದ ಬೇಸಿಗೆಗೇ ಉದುರಿದೆ.

ಸದಸ್ಯ ಕ್ಲಬ್ಬು ಒಂಬತ್ತು. ಬಂದವರು ನಾಲ್ವರು.
ಐದನೆಯವನು ಎರ್ರಿತಾತ, ಚಹಾ ತಂದವನು;
ಕೋರಂ ಬೇಕಲ್ಲ, ಅವನನ್ನೂ ಕೂಡಿಸಿಕೊಂಡೆವು.

ಲೆಕ್ಕ ಗದ್ದಲವಿಲ್ಲದೆ ಪಾಸಾಯಿತು.
ಬಾಡಿಗೆ, ಬೀಗ, ಸುಣ್ಣ.
ಮೈದಾನಕ್ಕೆ ಗೆರೆ ಎಳೆಯಲೆಂದು ತಂದ ಸುಣ್ಣ
ಮೂಲೆಯ ಚೀಲದಲ್ಲೇ ಕಲ್ಲಾಗಿದೆ.

ಆಮೇಲೆ ನಿಯಮ ಹನ್ನೊಂದು:
ಮೂರು ವರ್ಷ ವಂತಿಗೆ ಕಟ್ಟದ ಕ್ಲಬ್ಬನ್ನು ತೆಗೆದುಹಾಕತಕ್ಕದ್ದು.
ಮಿಲ್ಲರ್‌ಪೇಟೆ ಮಾರ್ನಿಂಗ್ ಸ್ಟಾರ್.
ಅಡಿಪಟ್ಟಿ ಇಟ್ಟು ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಅರವತ್ತೆಂಟರಲ್ಲಿ ಬರೆದ ಹೆಸರು, ಮಸಿ ಇನ್ನೂ ಕಪ್ಪಗೇ ಇದೆ;
ನಾನು ಬರೆದದ್ದು ಆರು ತಿಂಗಳಿಗೇ ಮಾಸುತ್ತದೆ.

ಮೆಟ್ಟಿಲ ಸದ್ದು. ಗಾದಿಲಿಂಗ.
ಜೀನ್ಸ್ ತೊಳೆಯುವ ಘಟಕದಿಂದ ನೆಟ್ಟಗೆ ಬಂದಿದ್ದಾನೆ,
ಮೊಣಕೈವರೆಗೂ ನೀಲಿ.
ಒಂದು ಕಾಲಕ್ಕೆ ಎಡಗಡೆಯ ಬ್ಯಾಕು; ಅವನನ್ನು ದಾಟಿ
ಗುಗ್ಗರಹಟ್ಟಿಯವರು ಒಂದಿಡೀ ಸೀಸನ್ ಗೋಲು ಕಂಡಿರಲಿಲ್ಲ.
ಟೇಬಲ್ಲಿನ ಮೇಲೆ ನೋಟು ಎಣಿಸಿದ, ಒಂದೊಂದರ ಮೇಲೂ ಹೆಬ್ಬೆರಳು.
“ಒಂಬೈನೂರು ಐತೆ, ಸೆಕ್ರೆಟರಿ ಸಾರ್. ಹುಡುಗ್ರು ಹದಿನಾಕು ಮಂದಿ ಅದಾರೆ.
ಲೀಗು ಯಾವಾಗ?”

ಅಧ್ಯಕ್ಷ ಖಾಜಾಹುಸೇನಿಯವರು ಫ್ಯಾನು ನೋಡಿದರು.
ಖಜಾಂಚಿ ನನ್ನನ್ನು ನೋಡಿದ.
ಆಟವನ್ನೇ ಆಡಿಸದ ಸಂಘವನ್ನು ಯಾರು ತೆಗೆದುಹಾಕತಕ್ಕದ್ದು,
ಆ ನಿಯಮ ಹುಡುಕುವವನಂತೆ ನಾನು ಪುಟ ಮಗುಚಿದೆ.
ಕೊನೆಯ ಲೀಗಿಗೆ ನಾಲ್ಕು ವರ್ಷ. ಅದೂ ಅರ್ಧಕ್ಕೆ ನಿಂತದ್ದು,
ಮೈದಾನಕ್ಕೆ ಸರ್ಕಸ್ಸು ಬಂದು.

“ಅಲ್ಲೀತನಕ ಚೆಂಡಾದ್ರೂ ಕೊಡ್ರಿ.”

ಅಲ್ಮಾರಿ ತೆಗೆದೆವು. ರಾಜ್ಯ ಸಂಘ ಕಳಿಸಿದ ಆರು,
ಪ್ಲಾಸ್ಟಿಕ್ಕಿನೊಳಗೇ, ಹಳಸಿದ ಹೋಳಿಗೆಯಂತೆ ಚಪ್ಪಟೆ.
ಎರ್ರಿತಾತ ಕೆಳಗಿಳಿದು ಪಂಪು ತಂದ. ಪಿನ್ನಿಲ್ಲ.
“ಪಿನ್ನಿಲ್ಲದ ಸಂಘ,” ಅಂದ,
ಮತದಾನದ ಹಕ್ಕು ಬಂದವನ ಗತ್ತಿನಲ್ಲಿ.

ಜೇಬಿಗೆ ಕೈ ಹಾಕಿದರೆ ಕೀಗೊಂಚಲು ಚುಚ್ಚಿತು.
ಯಾವುದೋ ಬೀಗದ್ದಿರಬೇಕೆಂದು
ನಾಲ್ಕು ವರ್ಷ ಅದನ್ನು ಹೊತ್ತು ತಿರುಗಿದ್ದೆ.
ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.

ನಡಾವಳಿಯಲ್ಲಿ ಹೀಗೆ ಬರೆದಿದ್ದೇನೆ:
ಇತರೆ ವಿಷಯ. ಗಾಳಿ ಹಾಕಲಾಯಿತು. ಒಂದು ಚೆಂಡು ಸೋರುತ್ತದೆ.
ವಂತಿಗೆಯ ಪುಟದಲ್ಲಿ ನೀಲಿ ಹೆಬ್ಬೆಟ್ಟು ಬಿದ್ದಿದೆ,
ಒರೆಸಲು ಹೋದೆ,
ನನ್ನ ಸಹಿಗೂ ಹತ್ತಿತು.