ಒಂದೂಮುಕ್ಕಾಲು ಸುತ್ತು

ಫ್ಲೇವಿಯಾ ಟೀಚರ ಮಿಕ್ಸಿ ಸುಟ್ಟಿತ್ತು.
ಶಿವಮೊಗ್ಗದ ಬಿ.ಎಚ್. ರಸ್ತೆ, ನನ್ನ ರಿವೈಂಡಿಂಗ್ ಅಂಗಡಿ.
ಸ್ಟೂಲಿನ ಮೇಲೆ ಕೂತರು, ಮಡಿಲಲ್ಲಿ ಮೋಸಂಬಿ ಚೀಲ,
ಕಣ್ಣು ನನ್ನ ಕೈ ಮೇಲೆ.

ನಾನೋ ಕರಕಲು ಕಾಯಿಲಿನ ಸುತ್ತೆಣಿಸುತ್ತಿದ್ದೆ.
ಕತ್ತರಿಸುವ ಮೊದಲು ಎಣಿಸು, ಬರೆದಿಡು,
ಇಲ್ಲದಿದ್ದರೆ ಮೋಟಾರು ತನ್ನ ಹೆಸರನ್ನೇ ಮರೆಯುತ್ತದೆ —
ದಸ್ತಗೀರ್ ಮೇಸ್ತ್ರಿ ಕಿವಿ ಹಿಂಡಿ ಕಲಿಸಿದ್ದು.

"ನಿಮ್ಮ ಮೈಯೊಳಗೂ ಒಬ್ಬ ವೈಂಡರ್ ಇದ್ದಾನೆ"
ಅಂದರು ಟೀಚರ್, ಒಂದು ಹಣ್ಣು ಎತ್ತಿ ಹಿಡಿದು.
"ಜೀವಕೋಶದ ಒಳಗಿನ ನ್ಯೂಕ್ಲಿಯಸ್ಸು ಇಷ್ಟು ದಪ್ಪ ಅಂದ್ಕೊಳ್ಳಿ.
ಅದರೊಳಗಿನ ಡಿಎನ್‌ಎ ದಾರ ಆಗ ಎಷ್ಟುದ್ದ ಗೊತ್ತಾ?
ಇಲ್ಲಿಂದ ಭದ್ರಾವತಿ.
ನಲವತ್ತಾರು ತುಂಡು, ಕೂದಲಿಗಿಂತ ಸಣ್ಣ.
ಸಿಪ್ಪೆ ಎಲ್ಲಾದರೂ ಉಬ್ಬಿದೆಯಾ ನೋಡಿ."

ಲೆಕ್ಕ ಹಾಕಿದೆ: ಇಪ್ಪತ್ತು ಕಿಲೋಮೀಟರು.
ಮೂವತ್ತಾರರ ಗೇಜಿನ ತಂತಿಯಾದರೂ ಐದು ಕೆಜಿ ತಾಮ್ರ.
ಒಂದು ಹಣ್ಣಿನೊಳಗೆ? ವಾರ್ನಿಶ್ ಇಲ್ಲದೆ?

"ವಾರ್ನಿಶ್ ಯಾಕೆ? ಎಳೆ ಮೈನಸ್ಸು, ಮಣಿ ಪ್ಲಸ್ಸು.
ಎಂಟು ಪ್ರೋಟೀನು ಸೇರಿ ಒಂದು ಮಣಿ.
ಅದಕ್ಕೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಸುತ್ತು ಹಾಕಿ
ಎಳೆ ಮುಂದಿನ ಮಣಿಗೆ ಹೋಗುತ್ತೆ. ಮೂರು ಕೋಟಿ ಮಣಿ."

ಪ್ಲಸ್ಸು ಮೈನಸ್ಸು ನನಗೆ ತಿಳಿದ ಭಾಷೆ.
ಆದರೆ ಒಂದೂಮುಕ್ಕಾಲು?
ಸ್ಲಾಟಿಗೆ ನೂರೈವತ್ತು ಹಾಕಿದರೂ ನನ್ನ ಕೈಗೆ ಸಾಲದು.
ಇಷ್ಟು ಸಡಿಲ ಸುತ್ತಿದ್ದರೆ ಮೇಸ್ತ್ರಿ
ಕಾಯಿಲನ್ನೂ ನನ್ನನ್ನೂ ರಸ್ತೆಗೆಸೆಯುತ್ತಿದ್ದ.

"ಸಡಿಲ ಬೇಕು" ಅಂದರು. "ಓದಬೇಕಲ್ಲ."

ನಾನು ಕಟ್ಟಿದ್ದು ಒಮ್ಮೆ ಮುಚ್ಚಿದರೆ ಮುಚ್ಚಿತು,
ಸುಡುವ ತನಕ ಯಾರೂ ಬಿಚ್ಚುವುದಿಲ್ಲ.
ಅಲ್ಲಿ ಹಾಗಲ್ಲವಂತೆ:
ಬೇಕಾದ ಕಡೆ ಮಣಿ ಸರಿದು ಎಳೆ ಮೈಬಿಡುತ್ತದೆ,
ಓದಿ ಆಯಿತೋ, ಮತ್ತೆ ಸುರುಳಿ.
ಬೇಡದ್ದೆಲ್ಲ ಬಿಗಿದುಕೊಂಡು ಗೋಡೆಗೊತ್ತಿ ಬಿದ್ದಿರುತ್ತದೆ,
ಅಟ್ಟದ ಮೇಲಿನ ನನ್ನ ಹಳೇ ಫ್ಯಾನುಗಳ ಹಾಗೆ.
ಕಣ್ಣಿಗೂ ಅದೇ ದಾರ, ಲಿವರಿಗೂ ಅದೇ.
ಬಿಚ್ಚಿಕೊಂಡ ಜಾಗ ಬೇರೆ.

ಹೆಬ್ಬೆರಳು ನೋಡಿಕೊಂಡೆ.
ಮೊನ್ನೆ ಸೋಲ್ಡರ್ ಕಡ್ಡಿ ತಾಗಿ ಬೊಬ್ಬೆ ಎದ್ದಲ್ಲಿ
ಹೊಸ ಚರ್ಮ, ಗೆರೆಗಳ ಸಮೇತ.
ಯಾವ ನೋಟ್‌ಬುಕ್ಕು ನೋಡಿ ಮಾಡಿದೆಯೋ ಮಾರಾಯ,
ಒಂದು ಮಾತೂ ನನ್ನ ಕೇಳದೆ?

ನಾಳೆ ಬನ್ನಿ ಅಂದೆ. ಹೋದರು.
ಭದ್ರಾವತಿ ತುಂಬಿದ ಹಣ್ಣು ಮೇಜಿನ ಮೇಲೇ ಉಳಿಯಿತು.
ಮಧ್ಯಾಹ್ನ ಸುಲಿದು ತಿಂದೆ, ಬೀಜ ಉಗಿದೆ.
ಅದಕ್ಕೂ ಅದರದ್ದೇ ದಾರ ಇರಬೇಕು.
ಎಷ್ಟು ಊರು ನುಂಗಿದೆನೋ.

ಸಂಜೆ ಫರ್ಮಾ ಕೂರಿಸಿ ಹಿಡಿಕೆ ತಿರುಗಿಸಿದೆ.
ನೂರ ಮೂವತ್ತೊಂಬತ್ತು, ನೂರ ನಲವತ್ತು, ನೂರ ನಲವತ್ತ —
ಯಾರೋ ಫ್ಯೂಸ್ ವೈರು ಕೇಳಿದರು.
ಕೊಟ್ಟು ಬಂದೆ. ಎಣಿಕೆ ಎಲ್ಲಿ?
ಬೆರಳು ನೆಕ್ಕಿಕೊಂಡೆ,
ಎಲ್ಲ ಬಿಚ್ಚಿದೆ.
ಒಂದು.