ಉಳಿದ ಹನ್ನೊಂದು

ಸಂಜೆ ಆರರ ಮೇಲೆ ಇನ್ನೂರ ಹದಿನಾಲ್ಕನೇ ಕೋಣೆ ನನ್ನದು.
ಅಲ್ಲಿಯವರೆಗೆ ಮಿಸ್ ಪಟೆನೋಡ್ ಅವರದು,
ಐದನೇ ಕ್ಲಾಸಿನ ಇಪ್ಪತ್ತಮೂರು ಮಕ್ಕಳದು.
ಮಾಪು, ಬಕೆಟ್ಟು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು;
ಕಿಟಕಿಯಾಚೆ ಬ್ರಾಕ್ಟನ್ನಿನ ಮೂರು ದಿನದ ಹಳೆ ಹಿಮ,
ಬಸ್ಸಿನ ಹೊಗೆ ಕುಡಿದು ಕಪ್ಪಾದದ್ದು.

ಬೋರ್ಡಿನ ಮೂಲೆಗೊಂದು ಚೌಕ. ಒಳಗೆ: ದಯವಿಟ್ಟು ಅಳಿಸಬೇಡಿ.
ಅಳಿಸುವುದಿಲ್ಲ. ಓದುತ್ತೇನೆ.
ಫೋಗೋ ದ್ವೀಪದಲ್ಲಿ, ಬೆಂಕಿಬೆಟ್ಟದ ಬುಡದಲ್ಲಿ,
ನಾಲ್ಕನೇ ಕ್ಲಾಸಿಗೇ ನನ್ನ ಸ್ಲೇಟು ತಂಗಿಗೆ ಹೋಯಿತು,
ನನ್ನ ಕೈಗೆ ನೀರಿನ ಡಬ್ಬ ಬಂತು.
ಅರ್ಧಕ್ಕೆ ಬಿಟ್ಟ ಭಾಗಾಕಾರವೊಂದು
ಮೂವತ್ತೊಂಬತ್ತು ವರ್ಷ ತಲೆಯಲ್ಲೇ ಒಂಟಿಕಾಲಲ್ಲಿ ನಿಂತಿತ್ತು.

ಇಲ್ಲಿ ಭಾಗಾಕಾರದ ಬಾಗಿಲೇ ಬೇರೆ ದಿಕ್ಕಿಗೆ.
ನಮ್ಮಲ್ಲಿ ಭಾಜಕ ಬಲಕ್ಕೆ ಕೂರುತ್ತಿತ್ತು, ಉತ್ತರ ಅದರ ಕಾಲಬುಡಕ್ಕೆ.
ಇವರಲ್ಲಿ ಎಡಕ್ಕೆ; ಉತ್ತರ ಮಾಡು ಹತ್ತಿ ಕೂತಿರುತ್ತದೆ.
ಮೊದಲ ತಿಂಗಳು ತಲೆಬುಡ ತಿಳಿಯಲಿಲ್ಲ.
ಒಂದು ರಾತ್ರಿ ಒದ್ದೆ ಬೆರಳಲ್ಲಿ ಡೆಸ್ಕಿನ ಮೇಲೆ
ಎರಡೂ ಬಗೆಯಲ್ಲಿ ಮಾಡಿ ನೋಡಿದೆ, ಇನ್ನೂರ ತೊಂಬತ್ತನ್ನು ಏಳರಿಂದ:
ನಲವತ್ತೊಂದು, ಉಳಿದದ್ದು ಮೂರು.
ಆ ಕಡೆಯಿಂದ ಬಂದರೂ ನಲವತ್ತೊಂದು, ಉಳಿದದ್ದು ಮೂರು!
ಒಣಗುವಷ್ಟರಲ್ಲಿ ಒಬ್ಬಳೇ ನಕ್ಕೆ.

ದಶಮಾಂಶಕ್ಕೆ ನನಗೆ ಮೇಷ್ಟ್ರು ಬೇಡ.
ಬ್ಲೀಚು ಒಂದು ಪಾಲು, ನೀರು ಒಂಬತ್ತು.
ಚುಕ್ಕಿ ಒಂದು ಮನೆ ಸರಿದರೆ
ಬೆರಳ ಸಿಪ್ಪೆ ಏಳುತ್ತದೆ.

ಎಡಗೋಡೆ ಭಾಷೆಯ ಪಾಠದ್ದು. ದೊಡ್ಡ ಹಾಳೆಯಲ್ಲಿ:
ಬರೆದವರು ಹೇಳದೆ ಬಿಟ್ಟದ್ದನ್ನು ಊಹಿಸಿ.
ಪಠ್ಯದಿಂದ ಸಾಕ್ಷಿ ಕೊಡಿ.
ನನ್ನ ಪಠ್ಯ ಡೆಸ್ಕುಗಳ ಅಡಿಯಲ್ಲಿದೆ.
ಕಚ್ಚಿ ಕಚ್ಚಿ ಪೊರಕೆಯಾದ ಪೆನ್ಸಿಲ್ ತುದಿ: ನಾಳೆ ಪರೀಕ್ಷೆ.
ಒಂದೇ ಹೆಸರು ಹತ್ತು ಸಲ ಬರೆದು ಹತ್ತು ಸಲ ಹೊಡೆದ ಚೀಟಿ:
ಇದಕ್ಕೆ ಊಹೆಯೇ ಬೇಕಿಲ್ಲ.
ಕಿಟಕಿ ಪಕ್ಕದ ತಾಯ್ಸಾಳ ಡೆಸ್ಕಿನಲ್ಲಿ
ಸೋಮವಾರ ಒಂದು ಬಿಸ್ಕತ್ತಿನ ಪೊಟ್ಟಣ, ಮಂಗಳವಾರ ಎರಡು,
ಗುರುವಾರಕ್ಕೆ ದ್ರಾಕ್ಷಿಯ ಡಬ್ಬಿಯೂ ಸೇರಿ ಐದು.
ಶುಕ್ರವಾರ ಸಂಜೆ ಸೊನ್ನೆ.
ಶನಿವಾರ, ಭಾನುವಾರ ಶಾಲೆಯಿಲ್ಲ, ಶಾಲೆಯ ಊಟವೂ ಇಲ್ಲ.
ಡೆಸ್ಕಿನಲ್ಲಿ ತಿಂಡಿ ಕಂಡರೆ ಎಸೆಯಿರಿ, ಇಲಿ ಬರುತ್ತದೆ,
ಎಂದು ನಮ್ಮ ಕೋಣೆಯ ಬಾಗಿಲಿಗೆ ನಿಯಮ ಅಂಟಿಸಿದ್ದಾರೆ.
ನನಗೆ ಅಷ್ಟು ಚೆನ್ನಾಗಿ ಓದಲು ಬರುವುದಿಲ್ಲ
ಎಂದು ಅವರು ತಿಳಿದಿದ್ದಾರೆ. ತಿಳಿದಿರಲಿ.

ಇವತ್ತು ಚೌಕದೊಳಗೆ:
ಮುನ್ನೂರ ನಲವತ್ತೇಳು ಮಕ್ಕಳು ಸಮುದ್ರ ನೋಡಲು ಹೊರಟರು.
ಒಂದು ಬಸ್ಸಿಗೆ ನಲವತ್ತೆಂಟು ಸೀಟು. ಎಷ್ಟು ಬಸ್ಸು ಬೇಕು?
ಕೆಳಗೆ ಯಾರದೋ ಓರೆ ಅಕ್ಷರ:
ಏಳು ಬಸ್ಸು, ಶೇಷ ಹನ್ನೊಂದು.
ಗುಣಿಸಿ ನೋಡಿದೆ. ಕೂಡಿ ನೋಡಿದೆ. ಲೆಕ್ಕ ತಪ್ಪಿಲ್ಲ.
ಪಕ್ಕದಲ್ಲಿ ಮಿಸ್ ಪಟೆನೋಡ್, ಹಸಿರು ಮಸಿಯಲ್ಲಿ:
ಆ ಹನ್ನೊಂದು ಮಕ್ಕಳಿಗೆ ಏನು ಹೇಳೋಣ?

ಕಸದ ಚೀಲದ ಬಾಯಿ ಕಟ್ಟುತ್ತಾ ಕಟ್ಟುತ್ತಾ ನಿಂತುಬಿಟ್ಟೆ.
ಗೇಟಿನ ಹತ್ತಿರ ಹನ್ನೊಂದು ಟೋಪಿ, ಹನ್ನೊಂದು ಬುತ್ತಿ,
ಏಳನೇ ಬಸ್ಸಿನ ಬೆನ್ನು ನೋಡುತ್ತಿವೆ.
ತಾಯ್ಸಾ ಅಲ್ಲಿದ್ದಾಳೆ. ಸಾಕ್ಷಿ ಇಲ್ಲ, ಆದರೂ ಇದ್ದಾಳೆ.
ಶೇಷ ಬಂದರೆ ಕೊನೆಯಲ್ಲಿ ಬರಿ, ಕೆಳಗೆ ಗೆರೆ ಎಳಿ,
ಎಂದಷ್ಟೇ ಹೇಳಿದ್ದರು ನಮ್ಮ ಮೇಷ್ಟ್ರು.
ಎಳೆದೆವು. ಗೆರೆಯಾಚೆಗೆ ಏನಾಯಿತೆಂದು
ಯಾರೂ ಕೇಳಿರಲಿಲ್ಲ, ನಾನೂ.

ಸುಣ್ಣದ ಕಡ್ಡಿ ಮುಟ್ಟಲಿಲ್ಲ; ಬೋರ್ಡು ನನ್ನದಲ್ಲ.
ನೆಲ ನನ್ನದು. ಮಾಪು ಅದ್ದಿ ಹಿಂಡಿದೆ.
ಕೆಲಸಕ್ಕೆ ಸೇರಿದ ದಿನ ಔರೆಲಿಯೋ ಕಲಿಸಿದ್ದ:
ಹಿಂದೆ ಮುಂದೆ ಎಳೆಯಬೇಡ, ಸೊಂಟ ಹೋಗುತ್ತೆ,
8 ಬರೆದ ಹಾಗೆ ಒರೆಸು.
ಆರು ವರ್ಷದಿಂದ ಬರೆಯುತ್ತಿದ್ದೇನೆ.
ಬಾಗಿಲಿಂದ ಕಿಟಕಿಯ ತನಕ,
ಸಾಲು ಡೆಸ್ಕುಗಳ ನಡುವೆ,
ತಾಯ್ಸಾಳ ಕುರ್ಚಿಯ ಸುತ್ತ ಒಂದು ದೊಡ್ಡದು.

ಒಂಬತ್ತೂಕಾಲಿನ ಬಸ್ಸಿನಲ್ಲಿ
ಡ್ರೈವರನ್ನೂ ಸೇರಿಸಿ ನಾಲ್ಕು ಜನ.
ಸೀಟು ನಲವತ್ತು, ಎಣಿಸಿದೆ.
ಇದನ್ನೂ ಯಾರೋ ಲೆಕ್ಕ ಹಾಕಿಯೇ
ಬಿಟ್ಟಿರಬೇಕು.