ನಲವತ್ತೊಂದನೇ ಗಂಟೆ

ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು.
ಟೈರಿನಂಗಡಿಗೂ ಎಸಿ ರಿಪೇರಿಗೂ ನಡುವೆ
ನಮ್ಮ ಒಂದೇ ಶಟರಿನ ಕಂಪನಿ.

ಮೇಜಿನ ಮೇಲೆ ಒಂದು ಮೊಣಕೈ.
ಬೆರಳಿಲ್ಲ, ಭುಜವಿಲ್ಲ, ಕೀಲು ಮಾತ್ರ.
ಚಂದ್ರನಿಗೆ ಹೋಗಬೇಕಾದದ್ದು,
ಹೋದರೆ.

ಮಿಸ್ಬಾ ಗಾಜಿನ ಪೆಟ್ಟಿಗೆಗೆ ಬೂದು ಪುಡಿ ಸುರಿಯುತ್ತಾಳೆ.
"ಅಲ್ಲಿನ ಧೂಳು ಚೂಪು," ಅನ್ನುತ್ತಾಳೆ,
"ಗಾಳಿಯೇ ಇಲ್ಲವಲ್ಲ, ಕೋಟಿ ವರ್ಷವಾದರೂ
ಮೂಲೆ ಸವೆದಿಲ್ಲ."

ನಲವತ್ತೊಂದನೇ ಗಂಟೆಗೆ ಕೀಲು ಕಿರ್ರೆಂದು ನಿಂತಿತು.
ಅನುದಾನ ಮುಗಿಯಲು ಹನ್ನೊಂದು ದಿನ.
ಬಾಡಿಗೆಯ ಚೆಕ್ಕು ಅದಕ್ಕೂ ಮುಂಚೆ.

ಹೊರಗೆ ಶಮಾಲ್ ಎದ್ದಿದೆ.
ಟೈರಿನಂಗಡಿಯ ಝರ್ವಲಿ ನಮ್ಮ ಶಟರಿನ ಸಂದಿಗೆ
ಒದ್ದೆ ಗೋಣಿ ತುರುಕಿ ಹೋದ, ಕೇಳದೆಯೇ.
ಒಂದು ಕಾಳು ಮರಳೂ ಒಳಬರಲಿಲ್ಲ.

ಮಿಸ್ಬಾ ಗೋಣಿಯನ್ನೇ ನೋಡುತ್ತ ಕೂತಳು.
ಸುಲೈಮಾನಿ ಆರಿತು.
ಆಮೇಲೆ, ಸೀಲಿನ ರಬ್ಬರು ಕೀಳುತ್ತ ಕೇಳಿದಳು:
"ಈ ನಾರು ಎಲ್ಲಿ ಸಿಗುತ್ತೆ?"